ಯಜಮಾನರ ದನಿಯಲ್ಲಿ ಒಂದು ನೇಮಕ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಫೋನು ಮಾಡಿದ್ದು ನಾನು. ಯಜಮಾನರಲ್ಲ. ಮೂವತ್ತು ವರ್ಷ ಜವಳಿ ಅಂಗಡಿಯ ಗಾದಿಯ ಮೇಲೆ ಕುಳಿತು ಪಳಗಿದವರು, ಕೆಲಸಕ್ಕೆ ಯಾರನ್ನು ತೆಗೆದುಕೊಳ್ಳಲಿ ಎಂದು ನಾಲ್ಕು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದರು. ಇಪ್ಪತ್ತೆರಡು ವರ್ಷದ ನಾನು, ಟವೆಲನ್ನೂ ನೆಟ್ಟಗೆ ಮಡಚಲು ಬಾರದವನು, ಆ ಕೆಲಸವನ್ನು ಒಂದು ನಿಮಿಷದಲ್ಲಿ ಮುಗಿಸಿಬಿಟ್ಟೆ. ಅದೂ ಅವರದೇ ದನಿಯಲ್ಲಿ.

ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಈಗ ಕಕ್ಕಲು ಕಾರಣ ಒಂದು ವಾಸನೆ. ಹೋದ ತಿಂಗಳು ಹೊಳಲ್ಕೆರೆಯ ನನ್ನ ಅಂಗಡಿಯಲ್ಲಿ ಹೊಸ ಸರಕಿನ ಗಂಟು ಬಿಚ್ಚಿದೆ. ಅಂಗಡಿ ಎಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಹತ್ತಡಿ ಅಗಲದ ಮಳಿಗೆ, ಒಂದು ಫ್ಯಾನು, ಕೈ ಮುರಿದ ಎರಡು ಬೊಂಬೆ, ಮತ್ತು ಬೊಂಬೆಗಳಿಗಿಂತ ಸ್ವಲ್ಪ ಹೆಚ್ಚು ಅಲುಗಾಡುವ ನಾನು. ಗೋಣಿಯ ಹೊಲಿಗೆ ಹರಿಯುತ್ತಿದ್ದಂತೆ ಗಂಜಿ ಹಾಕಿದ ಬಟ್ಟೆಯ ವಾಸನೆ, ಅದರೊಳಗೆ ನುಸಿಗುಳಿಗೆಯ ಘಾಟು ಒಟ್ಟಿಗೆ ಮೂಗಿಗೆ ಹೊಡೆದವು. ಹೊಸದುರ್ಗದ ಆ ಅಂಗಡಿಯ ಷಟರ್ ಎತ್ತಿದರೆ ಮೊದಲು ಹೊರಗೆ ಬರುತ್ತಿದ್ದದ್ದು ಇದೇ ವಾಸನೆ, ಅದರ ಹಿಂದೆಯೇ ಯಜಮಾನರ ಕೆಮ್ಮು. ಇಲ್ಲಿ ವಾಸನೆ ಬಂತು, ಕೆಮ್ಮು ಬರಲಿಲ್ಲ. ಏನೋ ಕೊರತೆಯಾದಂತೆ ಅನ್ನಿಸಿ ನಾನೇ ಕೆಮ್ಮಿದೆ. ನೋಡಿದರೆ ಅದು ಅವರ ಕೆಮ್ಮೇ...

ಅದೇ ದಿನ ನನ್ನ ಅಂಗಡಿಗೆ ಕೆಲಸ ಕೇಳಿಕೊಂಡು ಮೂವರು ಬಂದುಹೋಗಿದ್ದರು. ಬೇಕಾಗಿದ್ದದ್ದು ಒಬ್ಬರೇ. ಮೂವರಲ್ಲಿ ಯಾರು ಸರಿ ಎಂದು ನನಗೆ ತಿಳಿಯಲಿಲ್ಲ. ಮೂವರಿಗೂ ಗಂಭೀರವಾಗಿ, "ಯೋಚ್ನೆ ಮಾಡಿ ಫೋನ್ ಮಾಡ್ತೀನಿ" ಎಂದು ಕಳಿಸಿಕೊಟ್ಟೆ. ಆಮೇಲೆ ಹೊಳೆಯಿತು, ಈ ಮಾತೂ ನನ್ನದಲ್ಲ.

ಯಜಮಾನರು ಆಳು ಎತ್ತರವೇನಲ್ಲ. ಹಣೆಗೆ ವಿಭೂತಿ, ಬಿಳಿ ಅಂಗಿ, ಕನ್ನಡಕ ಮೂಗಿನ ಮೇಲಿರುವುದಕ್ಕಿಂತ ತಲೆಯ ಮೇಲೇ ಹೆಚ್ಚು. ಮಾತಾಡುವ ಮುಂಚೆ ಎರಡು ಸಲ ಕೆಮ್ಮುವರು. ಆಮೇಲೆ ಒಂದು "ಹಂ". ಆಮೇಲೆ, ಹೊಲಿಗೆಗೆಂದು ಅಂಚಿನಲ್ಲಿ ಬಟ್ಟೆ ಬಿಡುತ್ತಾರಲ್ಲ, ಹಾಗೆ ಒಂದಿಷ್ಟು ಮೌನ ಬಿಟ್ಟು ಮಾತು ಶುರು ಮಾಡುವರು. ನಾನು ಅಣಕಿಸದ ಮನುಷ್ಯ ಹೊಸದುರ್ಗದಲ್ಲಿ ಇರಲಿಲ್ಲ. ಬಸ್ಸಿನ ಕಂಡಕ್ಟರು, ತಾಲ್ಲೂಕು ಆಫೀಸಿನ ಗುಮಾಸ್ತ, ತೆಂಗಿನಕಾಯಿ ಹರಾಜು ಕೂಗುವವನು, ನಮ್ಮಪ್ಪ, ಕೊನೆಗೆ ಕನ್ನಡಿಯಲ್ಲಿ ಕಾಣುವ ನಾನು. ಎಲ್ಲರದೂ ಎರಡೇ ದಿನಕ್ಕೆ ಬಾಯಿಗೆ ಹತ್ತುತ್ತಿತ್ತು. ಯಜಮಾನರ ಆ ಮೌನ ಮಾತ್ರ ಕಲಿಯಲು ಮೂರು ತಿಂಗಳು ಬೇಕಾಯಿತು.

ಅವರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದೂ ಈ ಚಾಳಿಯಿಂದಲೇ. ಅಮ್ಮನ ಜೊತೆ ಬಟ್ಟೆ ಕೊಳ್ಳಲು ಹೋದವನು, ಅಲ್ಲಿದ್ದ ಹಿರಿಯ ನೌಕರ ಸೀರೆ ಹೊಗಳುವ ಪರಿಯನ್ನು ಅವನ ಬೆನ್ನ ಹಿಂದೆಯೇ ಅಣಕಿಸುತ್ತಿದ್ದೆ. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಯಜಮಾನರು ಗಲ್ಲಾದ ಮುಂದಿನಿಂದಲೇ ಕರೆದು, "ಏನಪ್ಪ, ಗಿರಾಕಿಯಾಗಿ ಬಂದು ಅಣಕಿಸ್ತೀಯ. ನಾಳೆಯಿಂದ ಕೆಲ್ಸಕ್ಕೆ ಬಂದು ಅಣಕಿಸು. ನಗೋರು ಕುಂತ್ಕಂತಾರೆ, ಕುಂತ್ಕಂಡೋರು ತಗಂತಾರೆ" ಎಂದರು. ನನ್ನಲ್ಲಿ ಅವರಿಗೆ ಕಂಡ ಅರ್ಹತೆ ಅದೊಂದೇ. ಬೇರೆ ಇರಲೂ ಇಲ್ಲ ಅನ್ನಿ.

ಬೇರೆಯವರಿಗೆ ಮಾತ್ರ ಇಷ್ಟು ಸಲೀಸಿಲ್ಲ. ಕೆಲಸ ಕೇಳಿ ಬಂದವರನ್ನು ಎಷ್ಟು ಓದಿದ್ದೀಯ, ಎಲ್ಲಿ ದುಡಿದಿದ್ದೀಯ ಎಂದು ಅವರು ಕೇಳುತ್ತಿರಲಿಲ್ಲ. ಒಂದು ಥಾನು ಬಟ್ಟೆ ಕೊಟ್ಟು, ಕಬ್ಬಿಣದ ಕಡ್ಡಿ ಕೊಟ್ಟು, ಐದು ಮೀಟರ್ ಅಳೆ ಎನ್ನುವರು. ಬಟ್ಟೆಯನ್ನು ಎಳೆದು ಅಳೆದರೆ ಗಿರಾಕಿಗೆ ಮೋಸ, ಸಡಿಲ ಬಿಟ್ಟು ಅಳೆದರೆ ಅಂಗಡಿಗೆ ಮೋಸ. ಎರಡರ ನಡುವೆ ಕೈ ನಿಲ್ಲುತ್ತದೆಯೇ ಎಂದು ನೋಡುವರು. ಆಮೇಲೆ ಬಿಚ್ಚಿದ ಸೀರೆಯೊಂದನ್ನು ಕೊಟ್ಟು, ಹಳೆಯ ಮಡಿಕೆಯ ಗೆರೆಗೇ ಮಡಚುತ್ತಾರೋ, ತಮ್ಮದೇ ಹೊಸ ಗೆರೆ ಮಾಡುತ್ತಾರೋ ನೋಡುವರು. ಕೊನೆಯದು ಕಷ್ಟದ ಪರೀಕ್ಷೆ. ಕಾಲು ಗಂಟೆ ಏನೂ ಕೆಲಸ ಹೇಳದೆ ಗಾದಿಯ ಮೇಲೆ ಸುಮ್ಮನೆ ಕೂರಿಸುವರು. "ಕೆಲ್ಸ ಇದ್ದಾಗ ಎಲ್ರೂ ಮಾಡ್ತಾರೆ ಕಣಪ್ಪ, ಇಲ್ದಾಗ ಕೈ ಏನು ಮಾಡ್ತೈತೆ ಅಂತ ನೋಡ್ಬೇಕು" ಎನ್ನುವರು. ನನ್ನ ಕೈಯೇನು ಮಾಡುತ್ತಿತ್ತು ಎಂಬುದನ್ನು ಇಲ್ಲಿ ಬರೆಯುವುದು ಬೇಡ.

ಆ ವರ್ಷ ಚಿತ್ರದುರ್ಗದಲ್ಲಿ ಗಾಜಿನ ಬಾಗಿಲಿನ ದೊಡ್ಡ ಷೋರೂಮು ತೆರೆದು, ನಮ್ಮ ಹಿರಿಯ ನೌಕರನನ್ನು ಎಳೆದುಕೊಂಡಿತು. ಹೋದದ್ದು ಒಬ್ಬನೇ. ಆದರೆ ಮದುವೆ ಜವಳಿಗೆ ಬಂದವರನ್ನು ಕೂರಿಸಿ ತೋರಿಸುವ ಕೈ ಅವನದು. ಮದುವೆ ಜವಳಿ ಎಂದರೆ ಒಂದು ಸೀರೆ ಮಾರಿದಂತಲ್ಲ. ಟೆಂಪೊದಲ್ಲಿ ಮನೆಮಂದಿಯೆಲ್ಲ ಬರುತ್ತಾರೆ. ಮೊದಲು ಮನೆದೇವರಿಗೆ ಬಟ್ಟೆ, ಆಮೇಲೆ ಧಾರೆ ಸೀರೆ, ಆಮೇಲೆ ಬೀಗರಿಗೆ, ಸೋದರಮಾವನಿಗೆ, ಹೀಗೆ ಸಾಲು ಹಿಡಿದು. ಯಾರದೋ ಒಬ್ಬರ ಮುಖ ಸಣ್ಣದಾದರೂ ಇಡೀ ಟೆಂಪೊ ಚಿತ್ರದುರ್ಗಕ್ಕೆ ಹೊರಟುಬಿಡುತ್ತದೆ. ಮದುವೆ ಕಾಲ ತಿಂಗಳ ದೂರದಲ್ಲಿತ್ತು. ಆ ಜಾಗಕ್ಕೆ ಒಬ್ಬರು ಬೇಕೇಬೇಕಿತ್ತು. ನಾನಿದ್ದೆನಲ್ಲ ಎನ್ನುತ್ತೀರಾ? ನನ್ನನ್ನು ಅಲ್ಲಿ ಕೂರಿಸಿದರೆ ಬೀಗರನ್ನು ಅಣಕಿಸಿ ಮದುವೆಯನ್ನೇ ನಿಲ್ಲಿಸುತ್ತೇನೆಂಬ ಭಯ ಯಜಮಾನರಿಗೆ.

ಹಲವರು ಬಂದು ಹೋದಮೇಲೆ ಇಬ್ಬರು ಉಳಿದರು. ಒಬ್ಬ ಹೊಳಲ್ಕೆರೆಯವನು. ಮೂರು ಊರಿನ ಅಂಗಡಿಗಳಲ್ಲಿ ಪಳಗಿದವನು, ತೀಡಿದ ಮೀಸೆ, ಸೀರೆ ಎಸೆದರೆ ಬಲೆ ಬೀಸಿದಂತೆ ಅಗಲವಾಗಿ ಬಿಚ್ಚಿಕೊಂಡು ಬೀಳಬೇಕು. ಇನ್ನೊಬ್ಬಳು ಬಿ.ದುರ್ಗದ ಕಡೆಯ ಹೆಣ್ಣುಮಗಳು, ನನಗಿಂತ ಏಳೆಂಟು ವರ್ಷ ದೊಡ್ಡವಳು. ಚಿತ್ರದುರ್ಗದಲ್ಲಿ ಸಿದ್ಧ ಉಡುಪು ಹೊಲಿಯುವ ಕಡೆ ದುಡಿಯುತ್ತಿದ್ದಳು. ಅಳತೆ ಸರಿಯಾಗಿ ಅಳೆದಳು, ಹಳೆಯ ಗೆರೆಗೇ ಮಡಚಿದಳು. ಕಾಲು ಗಂಟೆ ಸುಮ್ಮನೆ ಕೂರಿಸಿದಾಗ ಗಾದಿಯ ಹೊದಿಕೆಯಲ್ಲಿ ಬಿಟ್ಟುಹೋಗಿದ್ದ ಹೊಲಿಗೆಯನ್ನು ಬೆರಳಲ್ಲಿ ತಡವುತ್ತಾ, "ಸೂಜಿ ಐತೇನ್ರೀ?" ಎಂದಳು. ಯಜಮಾನರಿಗೆ ಇಷ್ಟವಾಯಿತು. ಆದರೆ ಮದುವೆ ಜವಳಿಗೆ ಹೆಣ್ಣುಮಗಳನ್ನು ಕೂರಿಸಿದವರು ಆಗ ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಅತ್ತ ಮೀಸೆ, ಇತ್ತ ಸೂಜಿ. ಯಜಮಾನರು ಇಬ್ಬರ ನಂಬರನ್ನೂ ಒಂದು ಲಗ್ನಪತ್ರಿಕೆಯ ಬೆನ್ನಿಗೆ ಒಂದರ ಕೆಳಗೊಂದು ಬರೆದಿಟ್ಟು, "ಯೋಚ್ನೆ ಮಾಡಿ ಫೋನ್ ಮಾಡ್ತೀನಿ" ಎಂದು ಕಳಿಸಿದರು.

ಹೋಗುವಾಗ ಆ ಮೀಸೆಯವನು ನನ್ನತ್ತ ಗದ್ದ ತೋರಿಸಿ ಯಜಮಾನರನ್ನು ಕೇಳಿದ: "ಈ ಹುಡುಗ ನೀರು ತಂದ್ಕೊಡಾಕ ಇರೋದಾ?"

ಅದೇ ನೋಡಿ ನನಗೆ ಚುಚ್ಚಿದ್ದು.

ಶುಕ್ರವಾರ ಮಧ್ಯಾಹ್ನ ಯಜಮಾನರು ಊಟಕ್ಕೆ ಮನೆಗೆ ಹೋಗಿದ್ದರು. ಅಂಗಡಿಯಲ್ಲಿ ನಾನು ಮತ್ತು ಆಳುದ್ದದ ಕನ್ನಡಿ, ಇಬ್ಬರೇ. ಕನ್ನಡಿಯ ಮುಂದೆ ನಿಂತು ಎರಡು ಸಲ ಕೆಮ್ಮಿದೆ, ಹಂ ಎಂದೆ. ಆವತ್ತು ದನಿ ಎಷ್ಟು ಚೊಕ್ಕವಾಗಿ ಬಂತೆಂದರೆ ನನಗೇ ಎದ್ದು ನಿಲ್ಲುವಂತಾಯಿತು. ಇಷ್ಟು ಒಳ್ಳೆಯ ದನಿ ವ್ಯರ್ಥವಾಗಬಾರದಲ್ಲ? ಅಂಗಡಿಯ ಫೋನಿನಿಂದ ಮೀಸೆಯವನಿಗೆ ಹಚ್ಚಿ, "ನಮ್ಮಲ್ಲಿ ಮೀಸೆ ಇದ್ದೋರ್ನ ತಗಳ್ಳಲ್ಲ ಕಣಪ್ಪ, ತೆಗ್ಸಿ ಬಾ" ಎಂದು ಹೇಳುವುದು ನನ್ನ ಘನವಾದ ಯೋಜನೆ. ನಂಬರು ಒತ್ತಿದೆ. ಅವಸರದಲ್ಲಿ ಒತ್ತಿದ್ದು ಕೆಳಗಿನ ಸಾಲು.

"ಹಲೋ... ಯಜಮಾನ್ರಾ?" ಹೆಣ್ಣುದನಿ. ಹಿಂದೆ ಹತ್ತಾರು ಹೊಲಿಗೆ ಮಿಷಿನ್ನು ಒಟ್ಟಿಗೆ ಓಡುವ ಸದ್ದು. "ಅಂಗಡಿ ನಂಬರ್ ನೋಡೇ ಎತ್ತಿದೆ ರೀ. ನನ್ನ ಕೆಲ್ಸ... ಆತೇನ್ರೀ?"

ಆಗಲೇ ಇಟ್ಟುಬಿಡಬೇಕಿತ್ತು. ಆದರೆ ನಾನಾಗಲೇ ಕೆಮ್ಮಿಬಿಟ್ಟಿದ್ದೆ. ಕೆಮ್ಮಿದ ಮೇಲೆ "ಹಂ" ಬರಲೇಬೇಕು, ಬಂತು. ಆಮೇಲೆ ಆ ಮೌನ. ಅತ್ತ ಕಡೆ ಮಿಷಿನ್ನಿನ ಸದ್ದು ದೂರವಾಯಿತು. ಅವಳು ಎದ್ದು ಎಲ್ಲಿಗೋ ಹೋಗಿ ನಿಂತಿರಬೇಕು. ಉಸಿರು ಬಿಗಿಹಿಡಿದು ಕಾಯುತ್ತಿದ್ದಾಳೆಂದು ತಂತಿಯಲ್ಲೇ ಕೇಳಿಸುತ್ತಿತ್ತು. ಅಷ್ಟು ಕಾದವರಿಗೆ 'ರಾಂಗ್ ನಂಬರ್' ಎನ್ನುವುದು ಹೇಗೆ? ಬಾಯಿ ತಾನಾಗಿ ಆಡಿತು.

"ಸೋಮವಾರ ಬಂದ್ಬಿಡವ್ವ."

"ನಿಮ್ಮ ಹೊಟ್ಟೆ ತಣ್ಣಗಿರ್ಲಿ ರೀ" ಎಂದಳು. ಫೋನು ಇಟ್ಟೆ. ಕನ್ನಡಿಯಲ್ಲಿ ನೋಡಿದರೆ ಯಜಮಾನರಿಲ್ಲ, ಬಾಯಿ ತೆರೆದುಕೊಂಡ ನಾನೊಬ್ಬನೇ.

ಮತ್ತೆ ಫೋನು ಮಾಡಿ ನಿಜ ಹೇಳೋಣ ಎಂದುಕೊಂಡೆ. ಶುಕ್ರವಾರ ಸಂಜೆ ಗಿರಾಕಿ ಇದ್ದರು. ಶನಿವಾರ ಧೈರ್ಯ ಇರಲಿಲ್ಲ. ಭಾನುವಾರ ಅಂಗಡಿಗೂ ರಜೆ, ಧೈರ್ಯಕ್ಕೂ ರಜೆ. ಈ ನಡುವೆ ಯಜಮಾನರು ಕೊನೆಗೊಂದು ತೀರ್ಮಾನಕ್ಕೆ ಬಂದು, ಶನಿವಾರ ಸಂಜೆ ತಮ್ಮ ಮೊಬೈಲಿನಿಂದ ಮೀಸೆಯವನಿಗೆ ಸೋಮವಾರ ಬಾ ಎಂದುಬಿಟ್ಟಿದ್ದರು. ನನ್ನ ಎದುರಿಗೇ.

ಸೋಮವಾರ ಬೆಳಗ್ಗೆ ಷಟರ್ ಎತ್ತುವ ಹೊತ್ತಿಗೆ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು.

ಯಜಮಾನರು ಅವಳನ್ನು ನೋಡಿದರು, ಅವನನ್ನು ನೋಡಿದರು, ತಲೆಯ ಮೇಲಿನ ಕನ್ನಡಕ ಇಳಿಸಿ ಮತ್ತೊಮ್ಮೆ ಇಬ್ಬರನ್ನೂ ನೋಡಿದರು. "ಏನವ್ವ, ಏನು ಬಂದೆ?"

"ಅಯ್ಯೋ, ನೀವೇ ಫೋನ್ ಮಾಡಿದ್ರಲ್ರೀ, ಶುಕ್ರವಾರ ಮಧ್ಯಾಹ್ನ. ಸೋಮವಾರ ಬಂದ್ಬಿಡವ್ವ ಅಂದ್ರಿ" ಎಂದಳು. ಮುಖದಲ್ಲಿ ಇನ್ನೂ ನಗು ಇತ್ತು. "ಅಲ್ಲಿ ಕೆಲ್ಸ ಬಿಟ್ಟು ಬಂದೀನಿ ರೀ. ಬಸ್‌ಸ್ಟ್ಯಾಂಡ್ ಹಿಂದೆ ಒಂದು ರೂಮು ಹಿಡ್ದೀನಿ. ನಮ್ಮವ್ವನ ಹತ್ರ ಬಿ.ದುರ್ಗದಾಗೆ ಬಿಟ್ಟಿದ್ದ ಮಗಳ್ನೂ ಕರ್ಕಂಬಂದೆ. ಎರಡು ವರ್ಷ ಆದ್ಮೇಲೆ ನಿನ್ನೆ ನನ್ನ ಮಗ್ಗುಲಾಗೆ ಮಲಗಿದ್ಲು ರೀ."

ಯಜಮಾನರ ಮುಖ ನೋಡಿದೆ. ಅವರು ಏನನ್ನೋ ಹುಡುಕುತ್ತಿದ್ದರು. ಜೇಬಿನಲ್ಲಿ ಅಲ್ಲ, ತಲೆಯೊಳಗೆ. "ನಾನಾ? ಶುಕ್ರವಾರಾನಾ?" ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು. ಅವಳ ಮುಖದ ನಗು ನಿಧಾನವಾಗಿ ಇಳಿಯತೊಡಗಿತು. ಯಜಮಾನರು ನನ್ನ ಕಡೆ ತಿರುಗಿದರು. ನಾನು ಮಡಚಿಟ್ಟಿದ್ದ ಟವೆಲನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದೆ.

ನಿಜ ಹೇಳಬಹುದಿತ್ತು. ಹೇಳಿದ್ದರೆ ಅವರು ಆಡದ ಮಾತಿನಿಂದ ಅವರು ಬಿಡುಗಡೆಯಾಗುತ್ತಿದ್ದರು. ಅವಳು ಆ ಕೆಲಸವೂ ಇಲ್ಲದೆ, ಈ ಕೆಲಸವೂ ಇಲ್ಲದೆ, ಮಗಳನ್ನು ಮತ್ತೆ ಬಿ.ದುರ್ಗದ ಬಸ್ಸು ಹತ್ತಿಸಬೇಕಾಗುತ್ತಿತ್ತು. ಹೇಳದಿದ್ದರೆ ಅವಳು ಉಳಿಯಬಹುದು. ಆದರೆ ಈ ಮನುಷ್ಯ ತನ್ನ ತಲೆಯ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾನೆ. ಯಾವುದು ಸಣ್ಣ ಪಾಪ ಎಂದು ಲೆಕ್ಕ ಹಾಕುವಷ್ಟರಲ್ಲಿ ಯಜಮಾನರು ಎರಡು ಸಲ ಕೆಮ್ಮಿದರು. "ಹಂ... ಅಂದಿರ್ಬೇಕು ಬಿಡವ್ವ. ಒಳಗೆ ಬಾ."

ಆಮೇಲೆ ಮೆಲ್ಲಗೆ ನನ್ನ ಹತ್ತಿರ ಬಂದು ಕೇಳಿದರು: "ಲೇ, ಶುಕ್ರವಾರ ನಾನು ಊಟಕ್ಕೆ ಹೋಗಿದ್ನೋ ಇಲ್ವೋ?"

"ಹೋಗಿದ್ರಿ."

"ಹೋಗಿದ್ನಾ..." ಅಷ್ಟೇ. ಕನ್ನಡಕವನ್ನು ಮತ್ತೆ ತಲೆಗೇರಿಸಿದರು.

ಒಂದು ಜಾಗ, ಇಬ್ಬರು ಜನ. ಇಬ್ಬರಿಗೂ ಮಾತು ಕೊಟ್ಟಾಗಿದೆ, ಅಥವಾ ಕೊಟ್ಟಂತಾಗಿದೆ. ಯಜಮಾನರು ಇಬ್ಬರನ್ನೂ ಗಾದಿಯ ಮೇಲೆ ಕೂರಿಸಿ, "ಇವತ್ತೊಂದು ಜವಳಿ ಬರೋದೈತೆ. ಇಬ್ರೂ ತೋರಿಸ್ರಿ. ನಾನು ಬರೀ ನೋಡ್ತೀನಿ" ಎಂದು ಗಲ್ಲಾದ ಮುಂದೆ ಕುಳಿತುಬಿಟ್ಟರು.

ಹನ್ನೊಂದರ ಹೊತ್ತಿಗೆ ಟೆಂಪೊ ಬಂತು. ಹಿರಿಯೂರು ಕಡೆಯ ಕುರಿ ಸಾಕುವ ಮನೆಯವರು, ಹದಿನೆಂಟು ಜನ. ಮನೆಯ ಹಿರಿಯರು ಒಳಗೆ ಬಂದವರೇ ಹೆಗಲ ಮೇಲಿನ ಕರಿ ಕಂಬಳಿ ತೆಗೆದು ಗಾದಿಯ ಒಂದು ಮೂಲೆಯಲ್ಲಿ ಹಾಸಿದರು. ಮನೆದೇವರಿಗೆಂದು ತೆಗೆದ ಬಟ್ಟೆಯನ್ನು ಮೊದಲು ಅದರ ಮೇಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಆಮೇಲೆಯೇ ಮಿಕ್ಕ ವ್ಯಾಪಾರ. ಆ ಮನೆಯವರ ಪದ್ಧತಿ ಅದು. ಹಾಸಿದ ಮೇಲೆ ಅದು ಕಂಬಳಿಯಲ್ಲ, ದೇವರ ಜಾಗ.

ಮೀಸೆಯವನು ಶುರು ಮಾಡಿದ ನೋಡಿ! ನನಗೆ ಅವನನ್ನು ಕಂಡರಾಗದಿದ್ದರೂ ಸುಳ್ಳು ಹೇಳಲಾರೆ. ಉಸಿರು ಬಿಟ್ಟು ಉಸಿರು ಎಳೆದುಕೊಳ್ಳುವುದರೊಳಗೆ ಹನ್ನೆರಡು ಸೀರೆ ಗಾಳಿಯಲ್ಲಿ ತೇಲಿ ಬಂದು ಹೆಂಗಸರ ಮಡಿಲಿಗೆ ಬೀಳುತ್ತಿದ್ದವು. ಮದುಮಗನ ಅಕ್ಕಂದಿರು ಮರುಳಾದರು. ಅವನಿಗೆ ಹುರುಪು ಹೆಚ್ಚಾಗಿ, ಎರಡೂ ತೋಳು ತುಂಬ ಇನ್ನಷ್ಟು ಸೀರೆ ಹೊತ್ತು ತಂದ. ಹಾಸಲು ಜಾಗ ಸಾಲಲಿಲ್ಲ. ಕೈ ಖಾಲಿ ಇರಲಿಲ್ಲ ಪಾಪ. ಕಾಲಿನಿಂದ ಆ ಕಂಬಳಿಯನ್ನು ಅತ್ತ ಸರಿಸಿದ.

ಹದಿನೆಂಟು ಜನರ ಮಾತು ಒಂದೇ ಏಟಿಗೆ ನಿಂತುಹೋಯಿತು. ಹಿರಿಯರು ಎದ್ದು ನಿಂತರು.

"ಏಳ್ರಿ. ಹೋಗಾಣ."

ಮೀಸೆಯವನು ಕಂಗಾಲಾಗಿ, "ಯಾಕ್ರೀ ಗೌಡ್ರೇ, ಬೇರೆ ಡಿಸೈನ್ ತೋರಿಸ್ಲಾ?" ಎಂದ.

ಯಜಮಾನರು ಎದ್ದು ಬರುತ್ತಿದ್ದರು. ಅಷ್ಟರಲ್ಲಿ ಅವಳು ಬಗ್ಗಿ ದೇವರ ಬಟ್ಟೆಯ ಸಮೇತ ಎರಡೂ ಕೈಯಲ್ಲಿ ಕಂಬಳಿ ಎತ್ತಿ ಕಣ್ಣಿಗೊತ್ತಿಕೊಂಡಳು. ಹಿರಿಯರ ಹತ್ತಿರ ಹೋಗಲಿಲ್ಲ; ಬಾಗಿಲ ಪಕ್ಕದಲ್ಲಿ ಎಲೆಯಡಿಕೆ ಮೆಲ್ಲುತ್ತಾ ಕುಳಿತಿದ್ದ ಅವರ ಮನೆಯ ಅಜ್ಜಿಯ ಹತ್ತಿರ ಹೋದಳು. "ತಪ್ಪಾತು ಕಣಜ್ಜಿ. ಕಾಲು ಅವರ್ದು, ತಪ್ಪು ಅಂಗಡೀದು. ಎಲ್ಲಿ ಹಾಸ್ಲಿ, ನೀವೇ ಹೇಳ್ರಿ."

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿತು. "ನೀನ್ಯಾರೇ?"

"ಕೆಲ್ಸಕ್ಕೆ ಬಂದೋಳು. ಇನ್ನೂ ಎರಡು ತಾಸಾಗಿಲ್ಲ."

"ಎರಡು ತಾಸಿಗೇ ಅಂಗಡಿ ತಪ್ಪೆಲ್ಲ ಹೊತ್ಕಂಡ್ಯಾ? ಸಂಜೀ ತನ ಇದ್ರೆ ಬಾಗ್ಲೂ ಹೊತ್ಕಂಡು ಹೋಗ್ತೀಯ ಬಿಡು!"

ಯಾರೋ ನಕ್ಕರು. ನಗೋರು ಕುಂತ್ಕಂತಾರೆ ಎಂದು ಯಜಮಾನರು ಹೇಳುತ್ತಿದ್ದದ್ದು ಸುಳ್ಳಲ್ಲ, ಒಬ್ಬೊಬ್ಬರಾಗಿ ಕುಳಿತರು. ಕೊನೆಗೆ ಹಿರಿಯರೂ ಕುಳಿತರು.

ಇಲ್ಲಿಗೆ ಕಥೆ ಮುಗಿದು ಅವಳೇ ಗೆದ್ದಳು ಎಂದುಕೊಳ್ಳಬೇಡಿ. ಆಮೇಲೆ ಅಜ್ಜಿ ಆಸೆಪಟ್ಟು ಕೈಗೆತ್ತಿಕೊಂಡ ಒಂದು ಸೀರೆಯನ್ನು ನೋಡಿ ಇವಳು, "ಇದು ಬ್ಯಾಡ ಕಣಜ್ಜಿ, ಒಂದು ಒಗೆತಕ್ಕೆ ಬಣ್ಣ ಬಿಡ್ತೈತೆ" ಎಂದುಬಿಟ್ಟಳು. ಯಜಮಾನರ ಹುಬ್ಬು ತಲೆಯ ಮೇಲಿನ ಕನ್ನಡಕದವರೆಗೆ ಏರಿತು. ಮೀಸೆಯವನು ಪೆಟ್ಟು ತಿಂದರೂ ಸಾವರಿಸಿಕೊಂಡು, ಅಜ್ಜಿಯ ಕಾಲು ಮುಟ್ಟಿ, ಮತ್ತೆ ಬಲೆ ಬೀಸಿದ. ಆವತ್ತು ಹೋದ ಸರಕಿನಲ್ಲಿ ಮುಕ್ಕಾಲು ಪಾಲು ಅವನ ಕೈಯಿಂದಲೇ ಹೋಯಿತು. ಮೊದಲೇ ಯಾವುದು ಸರಿಯೆಂದು ತಿಳಿಯದೆ ಕುಳಿತಿದ್ದವರಿಗೆ ಈಗ ಇನ್ನಷ್ಟು ತಿಳಿಯದಾಯಿತು.

ಸಂಜೆ ಇಬ್ಬರನ್ನೂ ಕಳಿಸಿ ಯಜಮಾನರು ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡರು.

"ಲೇ, ನೀನು ಎಲ್ಲಾರ ದನಿ ತೆಗೀತೀಯಲ್ಲ. ಆ ಅಜ್ಜಿ ಆಗು."

ನನಗೆ ಅರ್ಥವಾಗಲಿಲ್ಲ. ಆದರೆ ಅಣಕಿಸು ಎಂದರೆ ಬೇಡವೆನ್ನುವ ಜಾತಿ ನನ್ನದಲ್ಲ. ಬೆನ್ನು ಬಗ್ಗಿಸಿ, ದವಡೆಗೆ ಎಲೆಯಡಿಕೆ ಒತ್ತರಿಸಿಕೊಂಡವನಂತೆ ಕುಳಿತೆ.

"ಈಗ ಹೇಳಜ್ಜಿ, ಮುಂದೆ ಮೊಮ್ಮಗಳ ಮದುವೆಗೆ ಬಂದ್ರೆ ಯಾರ್ನ ಕೇಳ್ತೀಯ?"

"ಆ ಹುಡುಗ ಚೆಂದ ತೋರಿಸ್ತಾನಪ್ಪ" ಎಂದೆ ಅಜ್ಜಿಯಾಗಿ. "ಆದ್ರೆ ಬಣ್ಣ ಬಿಡ್ತೈತೋ ಇಲ್ವೋ ಅಂತ ಆ ಹುಡುಗೀನೇ ಕೇಳ್ತೀನಿ." ಹೀಗೆ ಹೇಳಬೇಕೆಂದು ನಾನು ಮೊದಲೇ ಯೋಚಿಸಿರಲಿಲ್ಲ. ಆ ದನಿ ಹಾಕಿಕೊಂಡರೆ ಆ ಮಾತೇ ಬರುತ್ತಿತ್ತು.

"ಈಗ ಅವನಾಗು."

ಮೀಸೆ ತೀಡಿದೆ. "ಯಜಮಾನ್ರೇ, ಇಲ್ಲಿ ಸರಕು ಕಡಿಮೆ. ನನ್ನ ಕೈಗೆ ಸಾಲಲ್ಲ."

ಯಜಮಾನರು ತಲೆಯಾಡಿಸಿದರು. "ನಿಜ. ಅವನಿಗೆ ದೊಡ್ಡಂಗಡಿ ಬೇಕು. ಈಗ ಆ ಹೆಣ್ಮಗಳಾಗು."

ಬಾಯಿ ತೆರೆದೆ. ಬರಲಿಲ್ಲ. ಮಗ್ಗುಲಲ್ಲಿ ಮಲಗಿದ ಮಗಳ ಮಾತು ಆ ದನಿಗೆ ಅಡ್ಡ ಬಂತು. "ಇವರ ದನಿ ಬರ್ತಿಲ್ಲ ರೀ" ಎಂದೆ.

"ಹೋಗ್ಲಿ ಬಿಡು." ಅವರು ಗಲ್ಲಾಕ್ಕೆ ಬೀಗ ಹಾಕಿ ಕೀಲಿ ಜೇಬಿಗಿಟ್ಟರು. ಆಮೇಲೆ, ಎಲ್ಲಕ್ಕಿಂತ ಸಲೀಸಾಗಿ ಹೇಳಿದರು: "ಈಗ ನಾನಾಗು."

ನಾನು ಕುಳಿತಲ್ಲೇ ನೆಟ್ಟಗಾದೆ. ಅವರೆದುರು ಅವರನ್ನು ಯಾವತ್ತೂ ಅಣಕಿಸಿರಲಿಲ್ಲ. ನನಗೆ ಆ ದನಿ ಬರುತ್ತದೆಂದು ಅವರಿಗೆ ಗೊತ್ತಿದೆ ಎಂದೇ ನನಗೆ ಗೊತ್ತಿರಲಿಲ್ಲ. ಎರಡು ಸಲ ಕೆಮ್ಮಿದೆ. ಹಂ ಎಂದೆ. ಆ ಮೌನ ಬಿಟ್ಟೆ. ಎದುರಿಗೆ ಅವರೂ ಅದೇ ಮೌನದಲ್ಲಿ ಕುಳಿತಿದ್ದರು. "ಆ ಹೆಣ್ಮಗಳ್ನೇ ಇಟ್ಕಳ್ಳಾಣ ಕಣಪ್ಪ" ಎಂದೆ.

ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. "ಚೆನ್ನಾಗಿ ತೆಗೀತೀಯ. ನಾನೇ ಅಂದಂಗೈತೆ." ಮೊಣಕಾಲಿಗೆ ಕೈಯೂರಿ ಎದ್ದರು. "ನಾನು ಅಂದ್ಮೇಲೆ ಮುಗೀತಲ್ಲ."

ಅವಳು ಉಳಿದಳು. ಮೀಸೆಯವನಿಗೂ ಕೊಟ್ಟ ಮಾತು ತಪ್ಪಬಾರದೆಂದು ಯಜಮಾನರೇ ಬಸ್ಸು ಹತ್ತಿ ಹಿರಿಯೂರಿಗೆ ಹೋಗಿ, ಪರಿಚಯದ ದೊಡ್ಡ ಅಂಗಡಿಯಲ್ಲಿ ಅವನಿಗೊಂದು ಜಾಗ ಮಾಡಿಸಿ ಬಂದರು.

ಅವರಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ 'ನಾನಾಗು' ಎಂದು ಯಾಕೆ ಹೇಳುತ್ತಿದ್ದರು? ಹೀಗೆಂದುಕೊಂಡು ಒಂದು ವಾರ ಹಗುರಾಗಿದ್ದೆ. ಎರಡನೆಯ ವಾರದಿಂದ ಅವರು ಪ್ರತಿಯೊಂದಕ್ಕೂ ನನ್ನನ್ನು ಕೇಳತೊಡಗಿದರು. "ಲೇ, ಆ ಸರಕು ವಾಪಸ್ ಕಳ್ಸು ಅಂತ ನಾನು ಅಂದಿದ್ನೇನೋ?" "ನಾಳೆ ಬರ್ತೀನಿ ಅಂತ ಯಾರಿಗಾದ್ರೂ ಹೇಳೀನಾ?" ಆಡಿದ ಮಾತನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಗೀಚಿಡತೊಡಗಿದರು. ಒಂದು ದಿನ, "ಚಿತ್ರದುರ್ಗಕ್ಕೆ ಹೋಗಿ ತಲೆ ತೋರಿಸ್ಕಂಡು ಬರಾಣ, ಜತೆಗೆ ಬಾ" ಎಂದರು. ಹೋದೆವು. ಡಾಕ್ಟರು ಏನೇನೋ ಕೇಳಿದರು. ನೂರರಿಂದ ಹಿಂದಕ್ಕೆ ಎಣಿಸಲು ಹೇಳಿದರು. ಯಜಮಾನರು ನಿಲ್ಲದೆ ಎಣಿಸಿದರು. ಬೆಳಗ್ಗೆ ಏನು ತಿಂದಿರಿ ಎಂದರೆ ರೊಟ್ಟಿ, ಪಲ್ಯ, ಜೊತೆಗೆ ಪಲ್ಯಕ್ಕೆ ಉಪ್ಪು ಕಡಿಮೆಯಾಗಿದ್ದದ್ದನ್ನೂ ಹೇಳಿದರು.

ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ತುಂಬ ಹೊತ್ತಿನ ಮೇಲೆ, "ಏನೂ ಇಲ್ವಂತೆ ಕಣೋ ತಲೇಗೆ" ಎಂದರು. ಮತ್ತೆ ಸ್ವಲ್ಪ ದೂರ ಹೋದಮೇಲೆ, "ಹಂಗಾದ್ರೆ ಆ ಫೋನು..."

ಮಾತು ಅಲ್ಲೇ ಬಿಟ್ಟರು. ಕೇಳಿದರೋ, ತಮ್ಮಷ್ಟಕ್ಕೇ ಅಂದುಕೊಂಡರೋ... ನನ್ನ ಪಕ್ಕದ ಸೀಟಿನಲ್ಲೇ ಕುಳಿತಿದ್ದರು. ನಾನು ಬಾಯಿ ತೆರೆದೆ. ಯಾವ ದನಿಯಲ್ಲಿ ಹೇಳಬೇಕೆಂದು ತಿಳಿಯಲಿಲ್ಲ. ಊರಿನವರೆಲ್ಲರ ದನಿ ಇಟ್ಟುಕೊಂಡಿದ್ದವನಿಗೆ, ನಾನೇ ಮಾಡಿದ್ದು ಎನ್ನಲು ಒಂದು ದನಿ ಇರಲಿಲ್ಲ. ಹೊಸದುರ್ಗ ಬಂತು. ಇಳಿದೆವು.

ಗೊತ್ತಿದ್ದರೆ ಡಾಕ್ಟರ ಹತ್ತಿರ ಯಾಕೆ ಹೋದರು? ಗೊತ್ತಿಲ್ಲದಿದ್ದರೆ ನನ್ನನ್ನೇ ಯಾಕೆ ಜೊತೆಗೆ ಕರೆದೊಯ್ದರು? ಈ ಎರಡು ಪ್ರಶ್ನೆಗಳನ್ನು ತಿರುಗಿಸಿ ಮುರುಗಿಸಿ ನೋಡುತ್ತಲೇ ಅಲ್ಲಿ ಇನ್ನೂ ನಾಲ್ಕು ವರ್ಷ ದುಡಿದೆ. ಆಮೇಲೆ ಹೊಳಲ್ಕೆರೆಗೆ ಬಂದು ಸ್ವಂತ ಅಂಗಡಿ ಹಾಕಿದೆ. ಇವತ್ತು ಹೋಗಿ ಹೇಳುತ್ತೇನೆ, ನಾಳೆ ಹೋಗಿ ಹೇಳುತ್ತೇನೆ... ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಫೋನು ಬಂತು. ಹೋದೆ. ವಿಭೂತಿ ಹಚ್ಚಿ ಯಜಮಾನರ ದೇಹವನ್ನು ಕೂರಿಸಿದ್ದರು. ಮಾತು ಶುರು ಮಾಡುವ ಮುಂಚಿನ ಆ ಮೌನದಲ್ಲಿ ಕುಳಿತಂತಿದ್ದರು. ಒಂದು ಹಿಡಿ ಮಣ್ಣು ಹಾಕಿ ಬಂದೆ.

ಮಾರನೆಯ ವಾರ ಮನೆಗೆ ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಕೇಳಿದರು: "ನೀನು ಅವರಂಗೇ ಮಾತಾಡ್ತೀಯಂತಲ್ಲಪ್ಪ. ಒಂದೇ ಒಂದ್ಸಲ, ಊಟಕ್ಕೆ ಇಡು ಅನ್ನು." ಕೆಮ್ಮಿದೆ. ಹಂ ಎಂದೆ. "ಅಮ್ಮಾ, ಊಟಕ್ಕೆ ಇಡ್ರಿ" ಎಂದು ಬಂದದ್ದು ನನ್ನದೇ ಒಡಕು ದನಿ. ಬೇಕಾಗಿಲ್ಲದ ದಿನ ಅಷ್ಟು ಚೊಕ್ಕವಾಗಿ ಬಂದದ್ದು, ಬೇಕಾದ ದಿನ ಕೈಕೊಟ್ಟಿತು. ಅಮ್ಮ ಎದ್ದುಹೋಗಿ ನನಗೆ ಊಟಕ್ಕೆ ಇಟ್ಟರು.

ಗಂಜಿಯ ವಾಸನೆ ಬಡಿದ ಮರುದಿನ ನನ್ನ ಮಳಿಗೆಗೆ ಬೀಗ ಹಾಕಿ ಹೊಸದುರ್ಗದ ಬಸ್ಸು ಹತ್ತಿದೆ. ಅಂಗಡಿ ಈಗ ಯಜಮಾನರ ಮಗಳ ಹೆಸರಿನಲ್ಲಿದೆ; ನಡೆಸುವವಳು ಅವಳೇ, ಆವತ್ತು ಫೋನು ನಂಬಿ ಬಂದವಳು. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಅವಳ ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ. ಹಿರಿಯೂರು ಕಡೆಯ ಟೆಂಪೊಗಳು ಈಗಲೂ ಬಂದು ನಿಲ್ಲುತ್ತವೆ. ಗಲ್ಲಾದ ಮುಂದೆ ಯಜಮಾನರು ಕೂರುತ್ತಿದ್ದ ಜಾಗದಲ್ಲಿ ಯಾರನ್ನೂ ಕೂರಿಸಿಲ್ಲ. ಅತ್ತ ನೋಡದೆ ಗಾದಿಯ ಅಂಚಿಗೆ ಕುಳಿತೆ. ಅಕ್ಕ ಬಿಚ್ಚಿದ ಸೀರೆಗಳನ್ನು ಮಡಚುತ್ತಿದ್ದಳು. ನನ್ನ ಅಂಗಡಿಗೆ ಮೂವರು ಬಂದದ್ದು, ನನಗೆ ಆರಿಸಲು ಬಾರದ್ದು ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಅದೂ ಹೊರಗೆ ಬಂತು.

"ಅಕ್ಕಾ, ಆವತ್ತು ನಿನಗೆ ಫೋನ್ ಮಾಡಿದ್ದು ಯಜಮಾನ್ರಲ್ಲ. ನಾನು."

ಅವಳ ಕೈ ನಿಲ್ಲಲಿಲ್ಲ. ಸೀರೆ ಹಳೆಯ ಗೆರೆಗೇ ಮಡಚಿಕೊಳ್ಳುತ್ತಾ ಹೋಯಿತು. ನಾನು ಶುಕ್ರವಾರ, ಕನ್ನಡಿ, ಕೆಳಗಿನ ಸಾಲು, ಬಸ್ಸು, ಡಾಕ್ಟರು ಎಲ್ಲವನ್ನೂ ಒದರಿದೆ. ಯಜಮಾನರಿಗೆ ಗೊತ್ತಿತ್ತೋ ಇಲ್ಲವೋ, ಅವರು ಸಾಯುವ ತನಕ ತಮ್ಮ ತಲೆ ಕೆಟ್ಟಿದೆ ಎಂದೇ ತಿಳಿದಿದ್ದರೋ ಏನೋ, ಇನ್ನು ಯಾರನ್ನು ಕೇಳಲಿ ಎಂದೆ. ಹಾಗಾದರೆ ನಿನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಅವರೋ ನಾನೋ, ನೀನಾದರೂ ಹೇಳು ಎಂದೆ.

ಅಕ್ಕ ಮಡಚಿದ ಸೀರೆಯನ್ನು ಅಂಗೈಯಿಂದ ಒಮ್ಮೆ ಒತ್ತಿ ಪಕ್ಕಕ್ಕಿಟ್ಟಳು. ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನ ಕಡೆ.

"ಕರ್ದೋರು ಯಾರಾದ್ರೇನೋ, ಕೆಲ್ಸ ಉಳಿಸ್ಕಂಡೋಳು ನಾನು. ಏಳು, ಗಿರಾಕಿ ಬಂದ್ರು."